‘ಕೊಟ್ಟೆ’ ಎಂದ ನಾಗಪೂಷಣಿ

ನಾಗಪೂಷಣಿ ಅಕ್ಕನ ಪರಿಚಯ ನನಗೆ ಆದದ್ದು ಜಗಳದಿಂದ. ಯುದ್ಧ ಮುಗಿದು, ಮುಳ್ಳುತಂತಿಯ ಶಿಬಿರಗಳಿಂದ ನಮ್ಮನ್ನು ಹೊರಗೆ ಬಿಟ್ಟ ಮೇಲೆ, ಮುಲ್ಲೈತ್ತೀವಿನ ಕಡಲದಂಡೆಯಲ್ಲಿ ಮೀನು ಒಣಗಿಸುವ ಒಂದು ವಾಡಿಯಲ್ಲಿ ಇಬ್ಬರೂ ಕೂಲಿಗೆ ಸೇರಿದ್ದೆವು. ನಾನು ಉಪ್ಪಿಗೆ ಕೈ ಬಿಗಿ ಹಿಡಿಯುತ್ತೇನೆ ಎಂದು ಅವಳ ದೂರು. ಅವಳು ವಾಡಿಯ ಧಣಿ ಮುದಲಾಳಿಯ ಉಪ್ಪನ್ನು ಮರಳಿನ ಹಾಗೆ ಸುರಿಯುತ್ತಾಳೆ ಎಂದು ನನ್ನದು.

“ಉಪ್ಪು ಕಮ್ಮಿ ಮಾಡಿದ್ರೆ ಮೀನಿಗೆ ಹುಳ ಬೀಳುತ್ತೆ ಪಿಳ್ಳೆ. ಆಮೇಲೆ ನಿನ್ನ ಮಾತೆ ಮರಿಯಮ್ಮನೇ ಬಂದು ಆರಿಸಬೇಕು,” ಎಂದು ನನ್ನ ಕುತ್ತಿಗೆಯ ಶಿಲುಬೆಯ ಜಪಮಾಲೆ ನೋಡಿ ಚುಚ್ಚಿದಳು.

“ನಿಮ್ಮ ಪಿಳ್ಳೆಯಾರಪ್ಪನಿಗೆ ಸೊಂಡಿಲಿದೆಯಲ್ಲಕ್ಕಾ, ಅವನು ಬೇಗ ಆರಿಸ್ತಾನೆ ಬಿಡಿ,” ಅಂದೆ.

ನಕ್ಕಳು. ಅವಳು ನಕ್ಕದ್ದನ್ನು ಅವತ್ತೇ ಮೊದಲು ನೋಡಿದ್ದು ಎಂದು ವಾಡಿಯವರು ಆಮೇಲೆ ಹೇಳಿದರು. ಅಲ್ಲಿಯವರೆಗೆ ಬರೀ ಪಿಳ್ಳೆಯಾಗಿದ್ದ ನನ್ನನ್ನು ಅಲ್ಲಿಂದ ಜೆಸಿ ಎಂದು ಹೆಸರು ಹಿಡಿದು ಕರೆಯತೊಡಗಿದಳು. ಮಧ್ಯಾಹ್ನದ ಊಟಕ್ಕೆ ಅವಳ ಹಬೆಯ ಪಿಟ್ಟಿನಲ್ಲಿ ಅರ್ಧ ನನಗೆ, ನನ್ನ ತೆಂಗಿನಕಾಯಿ ಸಂಬಲಿನಲ್ಲಿ ಅರ್ಧ ಅವಳಿಗೆ. ಅವಳ ಗಂಡ ಕೊನೆಯ ಯುದ್ಧಕ್ಕೆ ಎಷ್ಟೋ ಮೊದಲೇ ಕಡಲಿಗೆ ಹೋಗಿ ಬಾರದವನು. ಇಬ್ಬರು ಮಕ್ಕಳನ್ನು ಹೀಗೆ ಮೀನು ಸೀಳಿ, ಉಪ್ಪು ತುಂಬಿಯೇ ಬೆಳೆಸಿದ್ದಳು. ಮಗಳ ಸುದ್ದಿ ಎತ್ತುತ್ತಿರಲಿಲ್ಲ. ಮಗ ತುಷ್ಯಂತನ್‌ನ ಸುದ್ದಿ ಬಿಟ್ಟರೆ ಬೇರೆ ಸುದ್ದಿಯೂ ಇರಲಿಲ್ಲ.

ಮಗನ ಕಥೆ ಇಷ್ಟು. ಯುದ್ಧದ ಕೊನೆಯ ದಿನಗಳಲ್ಲಿ ಜನರೆಲ್ಲ ಹಿನ್ನೀರಿನ ಸೇತುವೆ ದಾಟಿ ಸರ್ಕಾರದ ಸೈನಿಕರ ಕಡೆ ನಡೆದು ಬರುತ್ತಿದ್ದರು. “ಇಯಕ್ಕದಲ್ಲಿ ಒಂದೇ ದಿನ ಇದ್ದವರಾದರೂ ಬಂದು ಹೆಸರು ಕೊಡಿ, ವಿಚಾರಿಸಿ ಬಿಟ್ಟುಬಿಡುತ್ತೇವೆ” ಎಂದು ಧ್ವನಿವರ್ಧಕದಲ್ಲಿ ಕೂಗುತ್ತಿದ್ದರು. ಇಯಕ್ಕ ಎಂದರೆ ಸರ್ಕಾರದ ಮೇಲೆ ಬಂದೂಕು ಹಿಡಿದಿದ್ದ ನಮ್ಮ ತಮಿಳರೇ, ಜನರ ಬಾಯಲ್ಲಿ ‘ಹುಡುಗರು’. ಅವರು ತುಷ್ಯಂತನ್‌ನನ್ನು ಕೊನೆಗಾಲದಲ್ಲಿ ಒಂದು ವಾರ ಹಿಡಿದುಕೊಂಡು ಹೋಗಿ ಕಂದಕ ತೋಡಿಸಿದ್ದರು. ಅವನು ತೋಡಿದ್ದು ಮಣ್ಣು ಮಾತ್ರ.

“ಬೇಡಮ್ಮಾ, ಸುಮ್ನೆ ಜನದ ಜೊತೆ ದಾಟಿಬಿಡೋಣ,” ಅಂದನಂತೆ ಹುಡುಗ.

“ಮುಚ್ಚಿಟ್ಟು ಸಿಕ್ಕಿಬಿದ್ರೆ ಹೊಡೀತಾರೆ ನನ್ನ ರಾಸಾ. ನಿಜ ಹೇಳಿದ್ರೆ ಸಂಜೆಗೆ ಬಿಡ್ತಾರೆ,” ಎಂದು ಇವಳೇ ಮಗನ ಕೈ ಹಿಡಿದು ಸಾಲಿನಲ್ಲಿ ನಿಂತಳು. ತನ್ನ ಸರದಿ ಬಂದಾಗ ಆ ಕೈಯನ್ನು ಒಬ್ಬ ಸೈನಿಕನ ಕೈಗೆ ಕೊಟ್ಟಳು. ಅವನನ್ನು ಬಸ್ಸಿಗೆ ಹತ್ತಿಸಿದರು. ಬಸ್ಸು ಹೋಯಿತು. ಆ ಬಸ್ಸೇ ಇರಲಿಲ್ಲ ಎಂದು ಸರ್ಕಾರ ಇವತ್ತಿಗೂ ಹೇಳುತ್ತದೆ.

ಹಾಗಾಗಿ ಯಾರು ಕೇಳಿದರೂ ಅವಳ ಮಾತು ಒಂದೇ: “ನಾನೇ ಕೊಟ್ಟೆ.” ಬೇರೆಯವರು ‘ಕರ್ಕೊಂಡು ಹೋದ್ರು’ ಅನ್ನುವ ಕಡೆ ಅವಳು ‘ಕೊಟ್ಟೆ’ ಅನ್ನುತ್ತಿದ್ದಳು. ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳದೆ ಮಗನ ಹೆಸರು ಹೇಳಲು ಅವಳಿಗೆ ಬರುತ್ತಲೇ ಇರಲಿಲ್ಲ.

ಮುಖ್ಯರಸ್ತೆಯ ಬದಿಯಲ್ಲಿ ಅವಳಂಥ ತಾಯಂದಿರು ತಗಡಿನ ಚಪ್ಪರ ಹಾಕಿ, ಮಕ್ಕಳ ಪಟಗಳನ್ನು ತೂಗುಹಾಕಿ ಧರಣಿ ಕೂತಿದ್ದರು. ವಾಡಿಯ ಕೆಲಸ ಮುಗಿಸಿ ಅವಳೂ ಹೋಗಿ ಕೂರುತ್ತಿದ್ದಳು. ಚಪ್ಪರದ ಯಜಮಾನಿಕೆ ಮನೋನ್ಮಣಿ ಅಕ್ಕನದು. ಮೂವರು ಗಂಡುಮಕ್ಕಳನ್ನು ಕಳೆದುಕೊಂಡವಳು, ಗಟ್ಟಿ ಹೆಂಗಸು, ಮೈಕಿಲ್ಲದಿದ್ದರೂ ಮೈಕಿನಲ್ಲಿ ಮಾತಾಡಿದ ಹಾಗೆ ಮಾತಾಡುವವಳು. ಸರ್ಕಾರ ಪರಿಹಾರ ಅಂದಿತು, ಕೋಳಿಗೂಡು ಅಂದಿತು, ಮರಣಪತ್ರ ಅಂದಿತು. ನಾಗಪೂಷಣಿ ಅಕ್ಕ ಯಾವುದನ್ನೂ ಮುಟ್ಟಲಿಲ್ಲ.

“ಕೋಳಿ ಕೇಳೋಕೆ ಹೋಗಿದ್ನಾ ನಾನು? ನನ್ನ ಕೈಯಿಂದ ಇಸ್ಕೊಂಡೋರು ಎಲ್ಲಿಟ್ಟಿದ್ದೀವಿ ಅಂತ ಹೇಳ್ಲಿ. ಅಷ್ಟೇ.”

ಹೇಳುವವರು ಯಾರು? ಹಾಗಿರುವಾಗ ಅವಳ ಕಣ್ಣಿಗೆ ಬಿದ್ದದ್ದು ಒಂದು ವರದಿ. ಪ್ರತಿ ವರ್ಷ ಒಂದು ವಿದೇಶಿ ಸಂಸ್ಥೆ ಲೋಕದ ದೇಶಗಳಲ್ಲೆಲ್ಲ ಯಾವ ಸರ್ಕಾರ ತನ್ನ ಜನರನ್ನು ಹೇಗೆ ನಡೆಸಿಕೊಂಡಿತು ಎಂದು ದಪ್ಪ ಪುಸ್ತಕ ತರುತ್ತದೆ. ಅದು ಬರುವ ಮುಂಚಿನ ತಿಂಗಳು ನಮ್ಮಲ್ಲಿ ಹಬ್ಬ. ಹೊಂಡ ಬಿದ್ದ ರಸ್ತೆಗೆ ಟಾರು ಬೀಳುತ್ತದೆ, ಚಪ್ಪರದ ಪಟ ತೆಗೆಯಲು ಬರುತ್ತಿದ್ದ ಪೊಲೀಸರು ‘ಅಮ್ಮಾ’ ಅನ್ನತೊಡಗುತ್ತಾರೆ, ಮಂತ್ರಿಗಳು ಹೊಲಿಗೆ ಯಂತ್ರ ಹಂಚುತ್ತಾರೆ. ವರದಿ ಬಂದ ಮರುದಿನದಿಂದ ಅದೇ ಪೊಲೀಸರು ಹಳೆಯ ಪೊಲೀಸರಾಗುತ್ತಾರೆ. ನನಗೆ ಆ ಪುಸ್ತಕದ ಮೇಲೆ ಅಂಥ ಭಕ್ತಿ ಇರಲಿಲ್ಲ. ಅವಳಿಗಿತ್ತು.

“ಅಷ್ಟು ದೇಶದೋರ ಮುಂದೆ ಓದ್ತಾರಂತೆ ಜೆಸಿ. ಅದ್ರಲ್ಲಿ ಒಂದು ಸಾಲು ಬಂದ್ರೆ ಸಾಕು. ತುಷ್ಯಂತನ್ ಅನ್ನೋ ಹುಡುಗನ್ನ ಸೈನಿಕರು ಬಸ್ಸು ಹತ್ತಿಸಿದ್ರು, ಎಲ್ಲಿ ಅಂತ. ಅಷ್ಟು ಜನದ ಮುಂದೆ ಹೆಸರು ಹಿಡಿದು ಕೇಳಿದ್ರೆ ಇವ್ರು ಬಾಯಿ ಬಿಡಲೇಬೇಕಲ್ಲ?”

“ಬಾಯಿ ಬಿಡ್ತಾರಕ್ಕಾ, ಆಕಳಿಸೋಕೆ,” ಅಂದೆ. ಅವಳು ಉಪ್ಪಿನ ಕೈಯಲ್ಲೇ ನನ್ನ ಬೆನ್ನಿಗೆ ಗುದ್ದಿದಳು.

ಆ ಸಲ ವರದಿಯವರು ನಮ್ಮ ಚರ್ಚಿನ ಸಭಾಂಗಣದಲ್ಲೇ ಕೂತು ಹೇಳಿಕೆ ತೆಗೆದುಕೊಂಡರು. ಬಂದವಳು ಮಾರ್ಗ್ರೆಟೆ ಎಂಬ ಉದ್ದನೆಯ ಹೆಂಗಸು. ಒಳ್ಳೆಯವಳೇ, ಬಿಸಿಲಿಗೆ ಮೂಗು ಕೆಂಪಾಗಿಸಿಕೊಂಡು, ಕೊಟ್ಟ ಹಾಲಿಲ್ಲದ ಪ್ಲೇನ್ ಟೀಯನ್ನು ತಾಳೆಬೆಲ್ಲ ಕಚ್ಚಿಕೊಂಡೇ ಕುಡಿದಳು. ಭಾಷೆ ದಾಟಿಸಲು ರಾಜಧಾನಿ ಕೊಲಂಬೊದ ನಿರೋಷನ್ ಎಂಬ ಹುಡುಗ. ತಮಿಳಿನವನೇ, ಆದರೆ ಯುದ್ಧವನ್ನು ಟೀವಿಯಲ್ಲಿ ನೋಡಿ ಬೆಳೆದವನು. ನಮ್ಮ ಕಡೆಯ ಮಾತುಗಳನ್ನು ಹಳೆಯ ವರದಿಗಳಲ್ಲಿ ಓದಿ ಓದಿ ಕಲಿತಿದ್ದ, ಆ ಬಗ್ಗೆ ಹೆಮ್ಮೆಯೂ ಇತ್ತು.

ಆ ಹೆಮ್ಮೆಯೇ ಮುಳುವಾಯಿತು. ಯುದ್ಧಕಾಲದಲ್ಲಿ ನಮ್ಮಲ್ಲಿ ‘ಕೊಟ್ಟ ಮನೆ’ ಎಂದರೆ ಒಂದೇ ಅರ್ಥ: ಇಯಕ್ಕಕ್ಕೆ ಒಂದು ಮಗುವನ್ನು ಕೊಟ್ಟ ಮನೆ. ಮನೆಗೊಬ್ಬರು ಎಂಬುದು ಅವರ ಕಟ್ಟಳೆ. ಮನಸ್ಸಿದ್ದು ಕೊಟ್ಟವರೂ ಇದ್ದರು, ಬಾಗಿಲು ಒದ್ದು ಎಳೆದುಕೊಂಡು ಹೋದದ್ದೂ ಇತ್ತು. ಎರಡಕ್ಕೂ ‘ಕೊಟ್ಟೆವು’ ಎಂದೇ ಹೇಳಬೇಕಿತ್ತು. ಯುದ್ಧ ಮುಗಿದ ಮೇಲೆ ಸೇತುವೆ ದಾಟಿ ಮಕ್ಕಳನ್ನು ಒಪ್ಪಿಸಿದ ತಾಯಂದಿರ ಬಾಯಲ್ಲಿ ಅದೇ ಮಾತು ಸೈನಿಕರ ಕಡೆ ತಿರುಗಿತು. ಇದು ನಮಗೆಲ್ಲ ಗೊತ್ತು. ನಿರೋಷನ್ ಓದಿದ ಪುಸ್ತಕಕ್ಕೆ ಗೊತ್ತಿರಲಿಲ್ಲ.

ಅವಳು “ಒಂದು ವಾರ ಇಯಕ್ಕದೋರು ಇಟ್ಕೊಂಡಿದ್ರು, ಆಮೇಲೆ ನಾನೇ ಕೊಟ್ಟೆ” ಅಂದಳು. ಆ ಹುಡುಗ ತಲೆಯಾಡಿಸಿ, ತಾನು ಬಲ್ಲ ಅರ್ಥಕ್ಕೆ ಅದನ್ನು ದಾಟಿಸಿದ. ಸೈನಿಕನ ಕೈ, ಬಸ್ಸು ಎಲ್ಲ ಹೇಳಿದಳು. ಕೊಟ್ಟದ್ದು ಇಯಕ್ಕಕ್ಕೆ ಎಂದಾದ ಮೇಲೆ ಅವೂ ಇಯಕ್ಕದವೇ ಎಂದು ಕಲಸಿಹೋದವು.

ವರದಿ ಬಂದಾಗ ತಮಿಳು ಪತ್ರಿಕೆ ನಮ್ಮ ಜಿಲ್ಲೆಯ ಭಾಗವನ್ನು ಅನುವಾದಿಸಿ ಹಾಕಿತು. ವಾಡಿಯಲ್ಲಿ ನಾನೇ ಓದಿದೆ. ಸರ್ಕಾರದ ಮೇಲಿನ ದೂರುಗಳಲ್ಲಿ ತುಷ್ಯಂತನ್ ಇರಲಿಲ್ಲ. ‘ಬಂಡುಕೋರರ ಅಪರಾಧಗಳು’ ಎಂಬ ಕಡೆ ಇದ್ದ: ಮುಲ್ಲೈತ್ತೀವಿನ ಮೀನುಗಾರ ವಿಧವೆಯೊಬ್ಬಳು ತನ್ನ ಮಗ ತುಷ್ಯಂತನ್‌ನನ್ನು ಬಂಡುಕೋರರ ಒತ್ತಡಕ್ಕೆ ಅವರಿಗೆ ಕೊಟ್ಟಳು, ಅನಂತರ ಅವನ ಪತ್ತೆಯಿಲ್ಲ.

“ಇನ್ನೊಂದ್ಸಲ ಓದು,” ಅಂದಳು.

ಓದಿದೆ.

“ನಾನೆಲ್ಲಿ ಹಾಗಂದೆ?”

ಆಮೇಲಿನದ್ದು ಹೇಳಲೇಬಾರದು, ಆದರೆ ಹೇಳುತ್ತೇನೆ. ಕಾಣೆಯಾದವರ ಕಚೇರಿಗೆ ಹೋದರೆ ಅಲ್ಲಿಯ ಅಧಿಕಾರಿ ಆ ಪತ್ರಿಕೆಯನ್ನೇ ಮೇಜಿನ ಮೇಲೆ ಹರಡಿದ. “ಇಷ್ಟು ವರ್ಷ ವಿದೇಶಿಯವರ ವರದಿ ಸುಳ್ಳು ಅಂತಿದ್ದೆವು. ಈ ಸಲ ಪರವಾಗಿಲ್ಲ, ನ್ಯಾಯವಾಗಿ ಬರ್ದಿದ್ದಾರೆ. ನೀವು ಕೊಟ್ಟಿದ್ದು ಅವ್ರಿಗಲ್ವಾ ಅಮ್ಮಾ, ಅವ್ರನ್ನೇ ಕೇಳಿ.” ಕೇಳಲು ಅವರೆಲ್ಲಿದ್ದಾರೆ? ಸತ್ತು ಮಣ್ಣಾಗಿ, ಆ ಮಣ್ಣಿನ ಮೇಲೂ ಬುಲ್ಡೋಜರು ಓಡಿಯಾಗಿತ್ತು. ಚಪ್ಪರಕ್ಕೆ ಬಂದರೆ ಅಲ್ಲಿ ಮನೋನ್ಮಣಿ ಅಕ್ಕ.

“ಏನೇ ನಾಗಪೂಷಣಿ, ಹುಡುಗರ ಮೇಲೆ ಸಾಕ್ಷಿ ಹೇಳಿ ಬಂದ್ಯಂತೆ? ಎಷ್ಟು ಕೋಳಿ ಕೊಟ್ರು?”

“ನಾನು ಹಾಗೆ ಹೇಳಿಲ್ಲ ಅಕ್ಕಾ. ಮಾತು ತಪ್ಪಾಗಿ ದಾಟಿದೆ.”

“ಹಾಗಾದ್ರೆ ಹೋಗಿ ಸರಿ ಮಾಡಿಸ್ಕೊಂಡು ಬಾ. ಅಲ್ಲಿವರೆಗೂ ಹಿಂದ್ಗಡೆ ಕೂತ್ಕೋ.”

ಹಿಂದುಗಡೆ ಬಿಸಿಲು ಬೀಳುತ್ತಿತ್ತು. ಒಂದು ವರ್ಷ ಅವಳು ಅಲ್ಲೇ ಕೂತಳು. ಸರಿಪಡಿಸಿ ಎಂದು ಚರ್ಚಿನ ಪಾದ್ರಿಯಿಂದ ವರದಿಯವರಿಗೆ ಹೇಳಿ ಕಳಿಸಿದೆವು. ಮುಂದಿನ ವರ್ಷ ಬಂದಾಗ ಮಾತಾಡೋಣ ಎಂದು ಉತ್ತರ ಬಂತು. ವರ್ಷಕ್ಕೊಮ್ಮೆ ಬರುವ ವರದಿಯಲ್ಲವೆ, ಅದರ ತಪ್ಪಿಗೂ ವರ್ಷದ ಆಯುಷ್ಯ.

ಮಾರ್ಗ್ರೆಟೆ ಮತ್ತೆ ಬಂದಳು, ಮತ್ತೆ ಅದೇ ಸಭಾಂಗಣ. ಈ ಸಲ ನಾನೂ ಜೊತೆಯಲ್ಲಿ ಕೂತೆ, ಅಕ್ಕ ಉಗುಳು ನುಂಗಿದರೆ ಅದನ್ನೂ ಸರಿಯಾಗಿ ದಾಟಿಸಬೇಕು ಎಂದು ನಿರೋಷನ್‌ನನ್ನು ದುರುಗುಟ್ಟಿಕೊಂಡು. ತಪ್ಪಾದದ್ದು ತಿಳಿದು ಹುಡುಗ ಬೆವತ. ಅಕ್ಕನ ಕೈಹಿಡಿದು “ಕ್ಷಮಿಸಿ ಅಮ್ಮಾ” ಅಂದ. ಮಾರ್ಗ್ರೆಟೆಯೂ ಕ್ಷಮೆ ಕೇಳಿದಳು. ಕೇಳಿ, ಸಮಾಧಾನಕ್ಕೆಂದು ಒಂದು ಮಾತು ಸೇರಿಸಿದಳು. ತಮ್ಮ ವರದಿಯನ್ನು ಸರ್ಕಾರವೂ ಬಯ್ಯುತ್ತದೆ, ಬಂಡುಕೋರರ ಕಡೆಯವರೂ ಬಯ್ಯುತ್ತಾರೆ; ಎರಡೂ ಕಡೆಯವರು ಬಯ್ದರೆ ಅದು ನ್ಯಾಯವಾಗಿದೆ ಎಂದೇ ಲೆಕ್ಕವಂತೆ.

ನನಗೆ ತಡೆಯಲಾಗಲಿಲ್ಲ. “ನಮ್ಮ ಬೀದಿ ಕುಡುಕ ಸೆಬಮಾಲೆಗೂ ಎರಡೂ ಕಡೆ ಮನೆಯೋರು ಬಯ್ತಾರೆ. ಅವ್ನ ಹತ್ರಾನೂ ನ್ಯಾಯ ಕೇಳೋಣ ಅಂತ ಹೇಳಪ್ಪ ಅವ್ರಿಗೆ,” ಅಂದೆ. ನಿರೋಷನ್ ದಾಟಿಸಲಿಲ್ಲ.

ನಾಗಪೂಷಣಿ ಅಕ್ಕ ನನ್ನನ್ನು ಸುಮ್ಮನಿರಿಸಿ, ತಾನೊಂದು ಪ್ರಶ್ನೆ ಕೇಳಿದಳು. “ಈ ಅಮ್ಮನ ದೇಶದ್ದೂ ಬರುತ್ತಾ ಪುಸ್ತಕದಲ್ಲಿ?”

ಬರುತ್ತದೆ, ಯಾವ ದೇಶವನ್ನೂ ಬಿಡುವುದಿಲ್ಲ, ತನ್ನ ದೇಶದ್ದು ಅರ್ಧ ಪುಟವಿದೆ ಎಂದಳು ಮಾರ್ಗ್ರೆಟೆ. ಯುದ್ಧದಲ್ಲಿ ನಮ್ಮ ಮೇಲೆ ಬಿದ್ದ ಗುಂಡುಗಳನ್ನು ಮಾರಿದ ದೇಶಗಳಿಗೆ ಎಷ್ಟು ಪುಟ ಎಂದು ಕೇಳಬೇಕೆಂದಿದ್ದೆ. ಅಕ್ಕ ತೊಡೆ ಚಿವುಟಿದಳು. ಮಗನ ಹೆಸರು ಸರಿಯಾಗುವವರೆಗೆ ಯಾರನ್ನೂ ನೋಯಿಸಲು ಅವಳು ತಯಾರಿರಲಿಲ್ಲ.

ಆಗ ಮಾರ್ಗ್ರೆಟೆ ಕೇಳಿದಳು: ನಿಮ್ಮ ಮನೆಯಿಂದ ಬಂಡುಕೋರರು ಯಾರನ್ನಾದರೂ ಕರೆದುಕೊಂಡು ಹೋಗಿದ್ದರೇ? ಎಲ್ಲವನ್ನೂ ಬರೆದರೆ ನಿಮ್ಮ ಮಾತಿಗೆ ತೂಕ ಬರುತ್ತದೆ, ಒಂದೇ ಕಡೆಯ ಮಾತು ಎಂದು ಯಾರೂ ತಳ್ಳಿಹಾಕುವುದಿಲ್ಲ.

ಅಕ್ಕ ಮೊದಲು ನನ್ನ ಕಿವಿಯ ಹತ್ತಿರ ಬಾಗಿ ಹೇಳಿದಳು. ನನಗೂ ಅವತ್ತೇ ಗೊತ್ತಾದದ್ದು. ಮಗಳು ಯಾಳಿನಿಯನ್ನು ಇಯಕ್ಕದವರು ಟ್ಯೂಷನ್ನಿನಿಂದ ಬರುವ ದಾರಿಯಲ್ಲಿ ಹಿಡಿದು ವ್ಯಾನಿಗೆ ಹಾಕಿಕೊಂಡು ಹೋಗಿದ್ದರು. ಕೆಲವು ತಿಂಗಳಿಗೆ ಮುಚ್ಚಿದ ಪೆಟ್ಟಿಗೆ ಬಂತು, ಮೇಲೆ ಬಾವುಟ. ಅಳಬಾರದು, ವೀರರ ತಾಯಿ ಎಂದರು. ಇದನ್ನು ಹೊರಗೆ ಆಡಿದರೆ ಚಪ್ಪರದಲ್ಲಿ ಜಾಗವಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಚಪ್ಪರಕ್ಕೆ ಅಕ್ಕಿ, ಬೇಳೆ, ತಗಡು ಕಳಿಸುತ್ತಿದ್ದವರು ವಿದೇಶಗಳಲ್ಲಿ ಕೂತ ನಮ್ಮವರು. ಹುಡುಗರ ಬಗ್ಗೆ ಒಂದು ಕೆಟ್ಟ ಮಾತು ಕೇಳುವ ಸಹನೆ ಅವರಿಗೆ ಇರಲಿಲ್ಲ.

“ಅಕ್ಕಾ, ಬೇಡ. ಮಗನ ವಿಷಯ ಮಾತ್ರ ಹೇಳಿ,” ಎಂದು ಪಿಸುಗುಟ್ಟಿದೆ.

“ನಿಜ ಪೂರ್ತಿ ಹೇಳಿದ್ರೆ ನಂಬ್ತಾರೆ ಜೆಸಿ. ಅರ್ಧ ಮುಚ್ಚಿಟ್ಟೋಳ ಮಾತನ್ನ ಯಾರು ನಂಬ್ತಾರೆ?”

ಸೇತುವೆಯ ಮೇಲೆ ಮಗನಿಗೆ ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ನಿಜ ಹೇಳಿದವರನ್ನು ಲೋಕ ಬಿಟ್ಟುಬಿಡುತ್ತದೆ ಎಂಬ ನಂಬಿಕೆ ಆ ಹೆಂಗಸಿಗೆ ಎಲ್ಲಿಂದ ಅಂಟಿಕೊಂಡಿತ್ತೋ ಕಾಣೆ. ಹೇಳಿದಳು. “ಬರ್ಕೋ ತಂಬಿ. ಮಗಳನ್ನ ಅವರು ಎಳ್ಕೊಂಡು ಹೋದ್ರು. ಮಗನ್ನ ಇವರು ಇಸ್ಕೊಂಡು ಹೋದ್ರು. ಇಬ್ಬರ ಹೆಸರೂ ಬರ್ಕೋ.” ಹುಡುಗ ಒಂದೊಂದು ಮಾತನ್ನೂ ಎರಡೆರಡು ಸಲ ಕೇಳಿ ದಾಟಿಸಿದ. ಅದರಲ್ಲಿ ತಪ್ಪಾಗಲಿಲ್ಲ, ನಾನೇ ಸಾಕ್ಷಿ.

ಆ ವರ್ಷದ ವರದಿಯಲ್ಲಿ ಇಬ್ಬರೂ ಬಂದರು. ‘ಬಂಡುಕೋರರು ಯಾಳಿನಿ ಎಂಬ ಶಾಲಾ ಬಾಲಕಿಯನ್ನು ಬಲವಂತವಾಗಿ ಎಳೆದೊಯ್ದರು, ಅವಳು ಕದನದಲ್ಲಿ ಸತ್ತಳು.’ ಮುಂದಿನ ಪುಟದಲ್ಲಿ, ‘ಆಕೆಯ ತಮ್ಮ ತುಷ್ಯಂತನ್‌ನನ್ನು ಯುದ್ಧದ ಕೊನೆಯಲ್ಲಿ ಸೈನಿಕರಿಗೆ ಒಪ್ಪಿಸಲಾಯಿತು ಎನ್ನಲಾಗಿದೆ. ಸರ್ಕಾರ ಇದನ್ನು ನಿರಾಕರಿಸಿದೆ.’

ಅವಳಿಗೆ ಓದಿ ಹೇಳಿ, ಸಿಟ್ಟಿಗೆ ಪತ್ರಿಕೆಯನ್ನು ಮುದುರಿದೆ. ಎರಡೂ ಮಾತು ಒಬ್ಬಳ ಬಾಯಿಂದ, ಒಂದೇ ಕುರ್ಚಿಯಲ್ಲಿ, ಒಂದೇ ದಿನ ಬಂದದ್ದು. ಮಗಳನ್ನು ಎಳೆದೊಯ್ದವರು ಸತ್ತಿದ್ದಾರೆ, ಅಲ್ಲ ಅನ್ನುವವರು ಯಾರೂ ಇಲ್ಲ. ಹಾಗಾಗಿ ಅದು ನಡೆದದ್ದು. ಮಗನನ್ನು ಇಸಿದುಕೊಂಡವರು ಬದುಕಿದ್ದಾರೆ, ಆಳುತ್ತಿದ್ದಾರೆ, ಅಲ್ಲ ಎಂದಿದ್ದಾರೆ. ಹಾಗಾಗಿ ಇದು ‘ಎನ್ನಲಾಗಿದೆ’. ಹೀಗೂ ಒಂದು ನ್ಯಾಯ ತೂಗಬಹುದು ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

“ಎನ್ನಲಾಗಿದೆ ಅಂದ್ರೆ?” ಎಂದು ಅಕ್ಕ ಕೇಳಿದಳು. ಅದು ಪತ್ರಿಕೆಯ ಮಾತು, ಮನೆಯಲ್ಲಿ ಯಾರೂ ಆಡುವುದಿಲ್ಲ.

“ಯಾರೋ ಅಂದ್ರು, ನಮಗೆ ಗೊತ್ತಿಲ್ಲ ಅಂತ.”

“ಯಾರೋ ಅಲ್ವಲ್ಲ. ನಾನು. ಹೆತ್ತೋಳು, ಕೈ ಹಿಡಿದು ಕೊಟ್ಟೋಳು. ನಾನು ಯಾರೋನಾ?”

ಮರುದಿನ ಮನೋನ್ಮಣಿ ಅಕ್ಕ ಚಪ್ಪರದಿಂದ ತುಷ್ಯಂತನ್‌ನ ಪಟ ಇಳಿಸಿದಳು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. “ನೀನು ಹೇಳಿದ್ದು ನಿಜ ಅಂತ ನನಗೂ ಗೊತ್ತು ನಾಗಪೂಷಣಿ. ನನ್ನ ಕೊನೇ ಮಗನ್ನೂ ಇಯಕ್ಕದೋರು ಹಾಗೇ ಎಳ್ಕೊಂಡು ಹೋದ್ರು. ಆದ್ರೆ ಇದನ್ನ ಓದಿ ಅಕ್ಕಿ ಕಳ್ಸೋರು ನಿಲ್ಲಿಸ್ತೀವಿ ಅಂತಿದ್ದಾರೆ. ಇಲ್ಲಿ ಕೂತಿರೋ ಇಷ್ಟು ಜನ ಎಲ್ಲಿಗೆ ಹೋಗ್ಲಿ?” ಎಂದು ಪಟವನ್ನು ಸೆರಗಿನಲ್ಲಿ ಒರೆಸಿ ಕೊಟ್ಟಳು. ಆ ಗಟ್ಟಿ ಹೆಂಗಸಿನ ಕಣ್ಣಲ್ಲಿ ನೀರಿತ್ತು. ನನಗೆ ಅವಳ ಮೇಲೂ ಸಿಟ್ಟು ಬಂತು, ಕರುಣೆಯೂ ಬಂತು; ಸಿಟ್ಟೇ ಹೆಚ್ಚು.

ಅಕ್ಕ ವಾಡಿಯಲ್ಲಿ ಮಾತು ಕಡಿಮೆ ಮಾಡಿದಳು. ನಾನು ಬೇಕೆಂದೇ ಉಪ್ಪು ಕಡಿಮೆ ಹಾಕಿದರೂ ಜಗಳಕ್ಕೆ ಬರಲಿಲ್ಲ.

ಮೂರನೆಯ ವರ್ಷ ಮಾರ್ಗ್ರೆಟೆಗೆ ಬೇರೆ ದೇಶಕ್ಕೆ ವರ್ಗವಾಗಿತ್ತು. ಹೊಸಬ ಬಂದಿದ್ದ, ಮೀಸೆ ಬರುವುದೋ ಬೇಡವೋ ಎಂದು ಯೋಚಿಸುತ್ತಿರುವ ವಯಸ್ಸು. ಜೊತೆಗೆ ನಿರೋಷನ್ನೇ. ಅಕ್ಕ ಬರುವುದಿಲ್ಲ ಎಂದಳು. ಕೈಹಿಡಿದು ಎಳೆದುಕೊಂಡು ಹೋದವಳು ನಾನು. ‘ಎನ್ನಲಾಗಿದೆ’ ಎಂಬುದನ್ನು ತೆಗೆಸಿಬಿಡೋಣ ಎಂಬ ಆಸೆ ನನಗಿತ್ತು.

ಹೊಸಬ ಹಳೆಯ ಕಾಗದ ಯಾವುದನ್ನೂ ನೋಡಿ ಬಂದಿರಲಿಲ್ಲ. ನಗುನಗುತ್ತಾ, ಮೊದಲಿನಿಂದ ಹೇಳಿ ಅಮ್ಮಾ, ನಿಮಗೆ ಎಷ್ಟು ಮಕ್ಕಳು, ಎಂದು ಕೇಳಿಸಿದ.

ಅವಳು ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಶುರುಮಾಡಿದಳು.

“ನನಗೊಬ್ಬ ಮಗ ಇದ್ದ ಎನ್ನಲಾಗಿದೆ.”

ನಿರೋಷನ್ ತಲೆಯೆತ್ತಿದ.

“ನಾನೇ ಹೆತ್ತೆ ಎನ್ನಲಾಗಿದೆ. ಸಣ್ಣವನಿದ್ದಾಗ ಒಣಮೀನು ಕದ್ದು ತಿಂದು ಹೊಟ್ಟೆ ಕೆಡಿಸ್ಕೊತಿದ್ದ ಎನ್ನಲಾಗಿದೆ. ಹೋಗೋ ದಿನ ಅಮ್ಮಾ ಬೇಡ ಅಂದ ಎನ್ನಲಾಗಿದೆ. ಬರ್ಕೋ ತಂಬಿ, ಯಾಕೆ ನಿಲ್ಲಿಸ್ದೆ?”

“ಅಮ್ಮಾ, ಹೀಗೆ ಹೇಳಿದ್ರೆ ನಾನು ಹೇಗೆ ದಾಟಿಸ್ಲಿ? ಅರ್ಥ ಬೇರೆ ಆಗುತ್ತೆ.”

“ನಿಮ್ಮೋರು ಬರೆದಾಗ ಬೇರೆ ಆಗ್ಲಿಲ್ಲ, ನಾನು ಹೇಳಿದ್ರೆ ಬೇರೆ ಆಗುತ್ತಾ? ಹೇಳಿದ ಹಾಗೇ ದಾಟಿಸು. ಹೋದ್ಸಲ ಒಂದು ಮಾತು ಬಿಡದೆ ದಾಟಿಸಿದ್ಯಲ್ಲ, ಹಾಗೇ.”

ನಾನು ಕುರ್ಚಿಯಲ್ಲಿ ಕೂತು ಗಟ್ಟಿಯಾಗಿ ನಕ್ಕೆ. ನಗುತ್ತಲೇ ಅತ್ತೆ. ಅಷ್ಟು ವರ್ಷಗಳಲ್ಲಿ ಯಾರಾದರೂ ಅವರ ಮುಖಕ್ಕೆ ಸರಿಯಾಗಿ ಹೇಳಿದ್ದು ಅವತ್ತೇ ಅನ್ನಿಸಿತು. ನಿರೋಷನ್ ಮೊದಲ ಸಲ ಬುದ್ಧಿವಂತನಾಗಲು ಹೋಗಿ ಕೈ ಸುಟ್ಟುಕೊಂಡಿದ್ದವನು. ಈ ಸಲ ಸ್ವಂತ ಬುದ್ಧಿ ಬಳಸಲು ಹೆದರಿದ. ಹೇಳಿದ್ದನ್ನು ಹೇಳಿದ ಹಾಗೇ ದಾಟಿಸಿದ. ಹೊಸಬ ಗಂಭೀರವಾಗಿ ಬರೆದುಕೊಂಡ, ಎದ್ದು ಕೈಮುಗಿದ. ಬರುವ ದಾರಿಯಲ್ಲಿ ಅಕ್ಕ ಬಹಳ ದಿನಗಳ ಮೇಲೆ ಹಗುರಾಗಿ ನಡೆದಳು, ಅಂಗಡಿಯಲ್ಲಿ ನನಗೆ ಒಂದು ಬನ್ನೂ ಕೊಡಿಸಿದಳು.

ವರದಿ ಬಂದ ದಿನ ಪತ್ರಿಕೆ ತಂದವಳು ನಾನೇ. ನಮ್ಮ ಜಿಲ್ಲೆಗೆ ಆ ಸಲ ಜಾಗ ಕಡಿಮೆ. ದೇಶದಲ್ಲಿ ಪ್ರಗತಿ ಕಂಡಿದೆಯಂತೆ. ಕೊನೆಯಲ್ಲಿ ಒಂದು ಸಾಲಿತ್ತು. ‘ಈ ಹಿಂದೆ ಸೈನಿಕರ ವಿರುದ್ಧ ಹೇಳಿಕೆ ನೀಡಿದ್ದ ತಾಯಿಯೊಬ್ಬರು ಈಗ ತಮ್ಮ ಮಾತಿನ ಬಗ್ಗೆ ಖಚಿತವಾಗಿಲ್ಲ. ಆ ಪ್ರಕರಣವನ್ನು ಕೈಬಿಡಲಾಗಿದೆ.’ ಅದರ ಪಕ್ಕದ ಕಾಲಮಿನಲ್ಲೇ ಮಂತ್ರಿಯ ಹೇಳಿಕೆ: ಕೊನೆಗೂ ಒಂದು ನ್ಯಾಯವಾದ ವರದಿ ಬಂದಿದೆ.

ಅವಳಿಗೆ ಓದದೇ ಇರೋಣ ಅಂದುಕೊಂಡೆ. ಅವಳು ಮೀನಿನ ಚಾಪೆ ಬಿಟ್ಟು ಎದ್ದುಬಂದು ನನ್ನ ಎದುರು ಕೂತಳು. ಓದಿದೆ.

“ಅವನ ಹೆಸರಿದೆಯಾ?”

“ಇಲ್ಲ ಅಕ್ಕಾ.”

“ಎನ್ನಲಾಗಿದೆ ಅಂತಾದ್ರೂ?”

“ಅದೂ ಇಲ್ಲ.”

ಅವಳು ಉಪ್ಪು ಮೆತ್ತಿದ ಅಂಗೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. “ಹೆಸರಾದ್ರೂ ಇತ್ತಲ್ಲ ಜೆಸಿ, ಹೋದ ವರ್ಷ. ನನ್ನ ಒಂದು ದಿನದ ಸಿಟ್ಟಿಗೆ ಅದನ್ನೂ ಅಳಿಸ್ಕೊಂಡ್ನಲ್ಲ. ಅವರು ಬಸ್ಸು ಹತ್ತಿಸಿದ್ರು ಅಷ್ಟೇ, ಅವನೇ ಇರ್ಲಿಲ್ಲ ಅನ್ನೋ ಹಾಗೆ ಮಾಡಿದ್ದು ನಾನು.”

ಅಲ್ಲ ಅಕ್ಕಾ, ನೀವಲ್ಲ, ಎಂದು ನಾನು ಕೂಗಿದೆ. ವಾಡಿಯವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಕೂಗಿದೆ. ಅವಳು ತಲೆಯಾಡಿಸಿದಳು, ನಂಬಲಿಲ್ಲ. ಇವತ್ತಿಗೂ ನಂಬುವುದಿಲ್ಲ. ಬಸ್ಸು ಹತ್ತಿಸಿದವನು, ಇಲ್ಲವೆಂದ ಮಂತ್ರಿ, ಬರೆದವರು, ಪಟ ಇಳಿಸಿದವರು, ಯಾರೂ ತಪ್ಪು ಒಪ್ಪಿಕೊಂಡಿಲ್ಲ. ಇಡೀ ಲೋಕದಲ್ಲಿ ಒಪ್ಪಿಕೊಂಡವಳು ಅವಳೊಬ್ಬಳೇ.